ಕೋಲಾರದ 386, ಭಾರತದ 382: ದೇಶದ ಜನ ಎಲ್ಲೆಲ್ಲಿ ಹರಡಿದ್ದಾರೆ ಎಂದು ನೀವೇ ಲೆಕ್ಕ ಹಾಕಿ ನಕ್ಷೆ ಮಾಡುವ ಬಗೆ

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 386 ಜನ. ಇಡೀ ಭಾರತದ ಲೆಕ್ಕ 382. ಹೆಚ್ಚುಕಡಿಮೆ ಒಂದೇ. ಹಾಗಂತ ದೇಶವೆಲ್ಲ ಕೋಲಾರದ ಹಾಗಿದೆಯಾ? ಖಂಡಿತ ಇಲ್ಲ. ಅರುಣಾಚಲದ ದಿಬಾಂಗ್ ಕಣಿವೆ ಜಿಲ್ಲೆಯಲ್ಲಿ ಅದೇ ಒಂದು ಚದರ ಕಿ.ಮೀ.ಗೆ ಸಿಕ್ಕುವುದು ಒಬ್ಬರು. ಈಶಾನ್ಯ ದೆಹಲಿ ಜಿಲ್ಲೆಯಲ್ಲಿ 36 ಸಾವಿರಕ್ಕೂ ಜಾಸ್ತಿ. ಒಂದು ಸರಾಸರಿಯೊಳಗೆ ಇಷ್ಟೊಂದು ದೂರ ಅಡಗಿ ಕೂತಿದೆ.

ಆದರೆ ಈ ಕಾಕತಾಳೀಯ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಕೋಲಾರದವರಿಗೆ ಅಳತೆಗೋಲು ಮನೆ ಬಾಗಿಲಲ್ಲೇ ಇದೆ. ವೇಮಗಲ್‌ನಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಾಣುವ ಊರು, ತೋಪು, ಟೊಮೇಟೊ ಹೊಲ, ಮತ್ತೆ ಊರು, ಇದೇ ದೇಶದ ಸರಾಸರಿ. ಅದಕ್ಕಿಂತ ಎಲ್ಲಿ ದಟ್ಟ, ಎಲ್ಲಿ ತೆಳು, ಯಾಕೆ ಹಾಗೆ ಎಂದು ಹುಡುಕುವುದೇ ಈ ಮಾರ್ಗದರ್ಶಿಯ ಕೆಲಸ. ಕೆಎಎಸ್, ಎಫ್‌ಡಿಎ ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ರಾಜ್ಯವಾರು ಪಟ್ಟಿ ಬಾಯಿಪಾಠ ಮಾಡುತ್ತಾರೆ. ಪಟ್ಟಿ ಒಂದು ವಾರದಲ್ಲಿ ಮರೆತುಹೋಗುತ್ತದೆ. ಒಮ್ಮೆ ಕೈಯಾರೆ ನಕ್ಷೆ ಮಾಡಿದರೆ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್ ಅಥವಾ ಎಕ್ಸೆಲ್, ಅಂಗಡಿಯಲ್ಲಿ ಸಿಗುವ ಭಾರತದ ಮತ್ತು ಕರ್ನಾಟಕದ ಖಾಲಿ ನಕ್ಷೆ. ಕಂಪ್ಯೂಟರ್ ಇದ್ದರೆ ಕ್ಯೂಜಿಐಎಸ್ ಎಂಬ, ನಕ್ಷೆ ಮಾಡುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಇಲ್ಲದಿದ್ದರೂ ಮುಕ್ಕಾಲು ಪಾಲು ಕೆಲಸ ಕಾಗದದ ಮೇಲೇ ಆಗುತ್ತದೆ.

ಮೊದಲ ಹೆಜ್ಜೆ: ಅಂಕಿ ತೆಗೆದುಕೊಳ್ಳಿ

ಭಾರತದ ಜನಗಣತಿ ಇಲಾಖೆಯ ಜಾಲತಾಣದಲ್ಲಿ 2011ರ ಎಲ್ಲ ಕೋಷ್ಟಕಗಳೂ ಉಚಿತವಾಗಿ ಸಿಗುತ್ತವೆ. ನಿಮಗೆ ಬೇಕಾದದ್ದು ಎರಡು. ಒಂದು, ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್. ಇದರಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಹಳ್ಳಿ ಮಟ್ಟದ ಜನಸಂಖ್ಯೆ ಇರುತ್ತದೆ. ಇನ್ನೊಂದು, ಜಿಲ್ಲಾ ಜನಗಣತಿ ಕೈಪಿಡಿ. ಅದರ ಮೊದಲ ಭಾಗದಲ್ಲಿ ಪ್ರತಿ ಹಳ್ಳಿಯ ವಿಸ್ತೀರ್ಣ, ನೀರು, ರಸ್ತೆ, ಶಾಲೆ, ಕೃಷಿ ಭೂಮಿಯ ವಿವರ ಸಿಗುತ್ತದೆ. ನನ್ನ ಮಟ್ಟಿಗೆ ಕೈಪಿಡಿಯೇ ಹೆಚ್ಚು ರುಚಿಕರ. ಸುಮ್ನೆ ನಿಮ್ಮ ಊರಿನ ಸಾಲು ಹುಡುಕಿ ನೋಡಿ, ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

2011ರದ್ದೇ ಯಾಕೆ, ಹಳೆಯದಲ್ವಾ ಎಂದು ಕೇಳಬಹುದು. ಹಳೆಯದೇ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಗಣತಿ 2021ರಲ್ಲಿ ಕೋವಿಡ್ ಕಾರಣಕ್ಕೆ ನಿಂತಿತು. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನ (ಯಾವ ದಿನದ ಜನಸಂಖ್ಯೆ ಎಂದು ಹಿಡಿಯುವ ದಿನ) ಎಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಲಡಾಖ್ ಮತ್ತು ಹಿಮ ಬೀಳುವ ಪ್ರದೇಶಗಳಿಗೆ 2026ರ ಅಕ್ಟೋಬರ್ 1. ಆ ಅಂಕಿ ಕೈಗೆ ಬರುವವರೆಗೆ ಹಳ್ಳಿ ಮಟ್ಟದಲ್ಲಿ ಮನೆಮನೆ ಎಣಿಸಿದ ಲೆಕ್ಕ ಅಂತ ಇರುವುದು 2011ರದ್ದೊಂದೇ. ವಿಧಾನ ಕಲಿಯುವುದಕ್ಕೆ ಅದು ಧಾರಾಳ ಸಾಕು.

ನೋಟ್‌ಬುಕ್ಕಿನಲ್ಲಿ ಮೊದಲು ನಾಲ್ಕು ಸಾಲು ಬರೆಯಿರಿ. ತುಮಕೂರು ಜಿಲ್ಲೆ: ಜನ 26,78,980, ವಿಸ್ತೀರ್ಣ 10,597 ಚದರ ಕಿ.ಮೀ. ಕೋಲಾರ: 15,36,401 ಜನ, 3,979 ಚದರ ಕಿ.ಮೀ. ಚಿಕ್ಕಬಳ್ಳಾಪುರ: 12,55,104 ಜನ, 4,244 ಚದರ ಕಿ.ಮೀ. ನಾಲ್ಕನೆಯದು ಬೆಂಗಳೂರು ನಗರ ಜಿಲ್ಲೆ: 96,21,551 ಜನ, 2,196 ಚದರ ಕಿ.ಮೀ. ಅದನ್ನು ಬಿಟ್ಟು ನಮ್ಮ ಕಡೆಯ ಲೆಕ್ಕ ಮಾಡುವ ಹಾಗೇ ಇಲ್ಲ.

ಎರಡನೇ ಹೆಜ್ಜೆ: ಗಡಿ ಸರಿಯಾಗಿದೆಯಾ ನೋಡಿ

ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿ. 2001ರ ಗಣತಿ ತೆಗೆದು ಕೋಲಾರ ಜಿಲ್ಲೆ ನೋಡಿ: 25,36,069. ಹತ್ತು ವರ್ಷ ಕಳೆದ ಮೇಲೆ 15,36,401. ಅಂದರೆ ಹತ್ತು ಲಕ್ಷ ಜನ ಮಾಯ! ಬರ ಬಂತೇ, ಗುಳೆ ಹೋದರೇ? ಏನೂ ಇಲ್ಲ. 2007ರಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದರು, ಅಷ್ಟೇ. ಈಗಿನ ಎರಡೂ ಜಿಲ್ಲೆ ಕೂಡಿಸಿ: 27,91,505. ಜನ ಕಡಿಮೆಯಾಗಿಲ್ಲ, ಶೇ 10ರಷ್ಟು ಹೆಚ್ಚಾಗಿದ್ದಾರೆ.

ದೇಶದ ತುಂಬ ಇಂಥವೇ. 2011ರಲ್ಲಿ ಆಂಧ್ರ ಒಂದೇ ರಾಜ್ಯ. 2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು. 2011ರಲ್ಲಿ ದೇಶದ ಅತಿ ಹೆಚ್ಚು ಜನರಿದ್ದ ಜಿಲ್ಲೆ ಮಹಾರಾಷ್ಟ್ರದ ಠಾಣೆ, 1.11 ಕೋಟಿ. 2014ರಲ್ಲಿ ಅದರಿಂದ ಪಾಲ್ಘರ್ ಹೊರಬಂತು. 2019ರಲ್ಲಿ ಜಮ್ಮು ಕಾಶ್ಮೀರದಿಂದ ಲಡಾಖ್ ಬೇರೆಯಾಯಿತು. ಆ ಗಣತಿಯಲ್ಲಿ ಒಟ್ಟು 640 ಜಿಲ್ಲೆ ಇದ್ದವು. ಈಗ 700 ಯಾವಾಗಲೋ ದಾಟಿದೆ. ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ: ಅಂಕಿ ಯಾವ ವರ್ಷದ್ದೋ ಗಡಿಯ ನಕ್ಷೆಯೂ ಅದೇ ವರ್ಷದ್ದಾಗಿರಬೇಕು. 2011ರ ಜನಸಂಖ್ಯೆಯನ್ನು ಈಗಿನ ಜಿಲ್ಲಾ ನಕ್ಷೆಗೆ ಅಂಟಿಸಿದರೆ ಎಷ್ಟೋ ಜಿಲ್ಲೆಗಳು ಬಿಳಿಯಾಗಿ ಉಳಿಯುತ್ತವೆ, ಇಲ್ಲವೇ ತಪ್ಪು ಬಣ್ಣ ಹೊತ್ತು ನಿಲ್ಲುತ್ತವೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಹೆಸರಿನ ತಾಪತ್ರಯ ಇನ್ನೊಂದು. 2011ರ ಕಡತದಲ್ಲಿ ತುಮಕೂರು ಇಂಗ್ಲಿಷಿನ ಹಳೆಯ ‘ತುಮ್ಕೂರ್’ ಕಾಗುಣಿತದಲ್ಲಿದೆ. 2014ರ ನವೆಂಬರ್ 1ರ ನಂತರದ ಕಡತಗಳಲ್ಲಿ ‘ತುಮಕೂರು’. ಕಂಪ್ಯೂಟರಿಗೆ ಇವೆರಡೂ ಬೇರೆ ಬೇರೆ ಊರು. ಹಳ್ಳಿ ಮಟ್ಟಕ್ಕೆ ಇಳಿದರಂತೂ ಕೇಳಲೇಬೇಡಿ. ನರಸಾಪುರ, ಹೊಸಹಳ್ಳಿ, ರಾಮಸಂದ್ರ ಎಂಬ ಹೆಸರುಗಳು ನಮ್ಮ ಕಡೆ ಹೆಜ್ಜೆಗೊಂದು. ಹೆಸರು ನೋಡಿ ಜೋಡಿಸಬೇಡಿ, ಸಂಕೇತ ಸಂಖ್ಯೆ ನೋಡಿ ಜೋಡಿಸಿ. ಗಣತಿಯಲ್ಲಿ ಕರ್ನಾಟಕದ ಸಂಖ್ಯೆ 29. ಅಂಗಡಿ ಬಿಲ್ಲಿನ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕೆ ನೋಡಿ, ಅದೂ 29. ಜಿಲ್ಲೆಗೆ ಮೂರಂಕಿ, ಹಳ್ಳಿಗೆ ಆರಂಕಿ ಸಂಖ್ಯೆ ಇರುತ್ತದೆ.

ಮೂರನೇ ಹೆಜ್ಜೆ: ಭಾಗಿಸಿ, ಆದರೆ ಯಾವುದರಿಂದ?

ಜನಸಾಂದ್ರತೆ ಅಂದರೆ ಜನಸಂಖ್ಯೆ ಭಾಗಿಸು ವಿಸ್ತೀರ್ಣ. ಮೇಲಿನ ನಾಲ್ಕು ಸಾಲಿಗೆ ಮಾಡಿ ನೋಡಿ. ತುಮಕೂರು 253, ಕೋಲಾರ 386, ಚಿಕ್ಕಬಳ್ಳಾಪುರ 296, ಬೆಂಗಳೂರು ನಗರ 4,381. ಇಷ್ಟು ಸುಲಭ.

ಈಗ ದೇಶದ್ದು ಮಾಡಿ. 2011ರ ಅಂತಿಮ ಲೆಕ್ಕ 121,08,54,977 ಜನ. ಪಠ್ಯಪುಸ್ತಕದಲ್ಲಿ ಭಾರತದ ವಿಸ್ತೀರ್ಣ 32,87,263 ಚದರ ಕಿ.ಮೀ. ಭಾಗಿಸಿದರೆ 368 ಬರುತ್ತದೆ. ಗಣತಿ ಇಲಾಖೆ ಹೇಳುವುದು 382. ಯಾರದು ತಪ್ಪು? ಯಾರದೂ ಅಲ್ಲ. ಆ ವಿಸ್ತೀರ್ಣದಲ್ಲಿ ಪಾಕಿಸ್ತಾನ ಮತ್ತು ಚೀನಾ ವಶದಲ್ಲಿರುವ ಸುಮಾರು 1,20,849 ಚದರ ಕಿ.ಮೀ. ಸೇರಿದೆ. ಅಲ್ಲಿ ನಮ್ಮ ಗಣತಿದಾರರು ಎಣಿಸಲು ಹೋಗಿಲ್ಲ. ಎಣಿಸದ ಜನರನ್ನು ಬಿಟ್ಟ ಮೇಲೆ ಆ ನೆಲವನ್ನೂ ಬಿಡಬೇಕಲ್ವಾ? ಅದನ್ನು ಕಳೆದರೆ ಉಳಿಯುವುದು 31,66,414. ಈಗ ಭಾಗಿಸಿ, 382 ಬಂತು. ಭಾಗಾಕಾರದಲ್ಲಿ ಮೇಲೆ ಬರೆಯುವ ಜನರೂ ಕೆಳಗೆ ಬರೆಯುವ ನೆಲವೂ ಒಂದೇ ಜಾಗದ್ದಾಗಿರಬೇಕು ಎಂಬ ಈ ಪಾಠ ತಾಲ್ಲೂಕು ಮಟ್ಟದಲ್ಲೂ ಉಪಯೋಗಕ್ಕೆ ಬರುತ್ತದೆ.

ಕ್ಯೂಜಿಐಎಸ್ ಬಳಸುವವರಿಗೆ ಒಂದು ಮಾತು. ನಕ್ಷೆಯಿಂದಲೇ ವಿಸ್ತೀರ್ಣ ಲೆಕ್ಕ ಹಾಕಿಸುವುದಾದರೆ ಮೊದಲು ಸಮವಿಸ್ತೀರ್ಣ ಪ್ರಕ್ಷೇಪಕ್ಕೆ, ಅಂದರೆ ಎಲ್ಲ ಜಾಗದ ವಿಸ್ತೀರ್ಣವನ್ನೂ ಸರಿಯಾದ ಪ್ರಮಾಣದಲ್ಲಿ ತೋರಿಸುವ ನಕ್ಷೆಯ ಮಾದರಿಗೆ, ಬದಲಾಯಿಸಿ. ಮೊಬೈಲಿನಲ್ಲಿ ನಾವು ನೋಡುವ ಮರ್ಕೇಟರ್ ಮಾದರಿಯ ನಕ್ಷೆಯಲ್ಲಿ ಕೋಲಾರಕ್ಕೆ ಹೋಲಿಸಿದರೆ ಲಡಾಖ್ ಇರುವುದಕ್ಕಿಂತ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಹಿಗ್ಗಿ ಕಾಣುತ್ತದೆ. ನಾನಾದರೆ ಕೈಪಿಡಿಯಲ್ಲಿ ಕೊಟ್ಟ ವಿಸ್ತೀರ್ಣವನ್ನೇ ಬಳಸುತ್ತೇನೆ.

ನಾಲ್ಕನೇ ಹೆಜ್ಜೆ: ರಾಜ್ಯಗಳನ್ನು ಸಾಲಾಗಿ ನಿಲ್ಲಿಸಿ

ಎಲ್ಲ ರಾಜ್ಯಗಳ ಸಾಂದ್ರತೆ ಬರೆದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಬಿಹಾರ 1,106. ಪಶ್ಚಿಮ ಬಂಗಾಳ 1,028. ಕೇರಳ 860. ಉತ್ತರ ಪ್ರದೇಶ 829. ತಮಿಳುನಾಡು 555. ನಮ್ಮ ಕರ್ನಾಟಕ 319, ದೇಶದ ಸರಾಸರಿಗಿಂತ ಕಡಿಮೆ. ರಾಜಸ್ಥಾನ 200, ಮಿಜೋರಾಂ 52, ಕೊನೆಯಲ್ಲಿ ಅರುಣಾಚಲ 17.

ಆಮೇಲೆ ಪಕ್ಕದಲ್ಲಿ ಎರಡು ಕಾಲಂ ಹಾಕಿ. ಒಂದರಲ್ಲಿ ದೇಶದ ನೆಲದಲ್ಲಿ ಆ ರಾಜ್ಯದ ಪಾಲು, ಇನ್ನೊಂದರಲ್ಲಿ ದೇಶದ ಜನರಲ್ಲಿ ಪಾಲು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ ಮೂರನ್ನೂ ಕೂಡಿಸಿ. ನೆಲ ಶೇ 13, ಜನ ಶೇ 32ಕ್ಕೂ ಮೇಲೆ. ಎಂಟರಲ್ಲಿ ಒಂದು ಪಾಲು ನೆಲದ ಮೇಲೆ ಮೂರರಲ್ಲಿ ಒಂದು ಪಾಲು ಜನ. ಈ ಕಡೆ ರಾಜಸ್ಥಾನ ನೋಡಿ. ನೆಲ ಶೇ 10ಕ್ಕಿಂತ ಸ್ವಲ್ಪ ಹೆಚ್ಚು, ಜನ ಶೇ 6ಕ್ಕೂ ಕಡಿಮೆ. ಅರುಣಾಚಲದ ನೆಲ ಕೇರಳದ ಎರಡು ಪಟ್ಟಿಗಿಂತ ಜಾಸ್ತಿ. ಜನ ಮಾತ್ರ 13.8 ಲಕ್ಷ, ಕೋಲಾರ ಜಿಲ್ಲೆಗಿಂತಲೂ ಕಡಿಮೆ.

ಚೀನಾದಲ್ಲಿ ಈ ಹಂಚಿಕೆಯನ್ನು ಒಂದೇ ಗೆರೆಯಲ್ಲಿ ಹೇಳಿಬಿಡಬಹುದು. 1935ರಲ್ಲಿ ಹು ಹುವಾನ್‌ಯೊಂಗ್ ಎಂಬ ಭೂಗೋಳ ತಜ್ಞ ಈಶಾನ್ಯದಿಂದ ನೈರುತ್ಯಕ್ಕೆ ಓರೆಯಾಗಿ ಒಂದು ಗೆರೆ ಎಳೆದರು. ಆ ದೇಶದ ಶೇ 90ಕ್ಕೂ ಹೆಚ್ಚು ಜನ ಆಗಲೂ ಈಗಲೂ ಗೆರೆಯ ಪೂರ್ವಕ್ಕೇ ಇದ್ದಾರೆ. ಭಾರತದ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಂಥ ಒಂದು ಗೆರೆ ಎಳೆಯಲು ಪ್ರಯತ್ನಿಸಿ. ಆಗುವುದಿಲ್ಲ. ನಮ್ಮ ತೆಳು ಜಾಗಗಳು ಒಂದೇ ಕಡೆ ಇಲ್ಲ. ಮೇಲೆ ಹಿಮಾಲಯ, ಪಶ್ಚಿಮಕ್ಕೆ ಥಾರ್, ನಡುವೆ ಛತ್ತೀಸಗಡದ ಕಾಡು, ಈಚೆ ಪಶ್ಚಿಮ ಘಟ್ಟದ ಪಟ್ಟಿ. ಗೆರೆ ಎಳೆದು ಸೋತ ಮೇಲೆಯೇ ಮುಂದಿನ ಹೆಜ್ಜೆಗೆ ಅರ್ಥ ಬರುವುದು.

ಐದನೇ ಹೆಜ್ಜೆ: ಯಾಕೆ ಎಂದು ಕೇಳಿ

ಇಲ್ಲಿ ನಿಧಾನ ಮಾಡಿ. ‘ಮಣ್ಣು, ಮಳೆ, ಹವಾಮಾನ, ಕೈಗಾರಿಕೆ’ ಎಂದು ಪಟ್ಟಿ ಬರೆದರೆ ಪರೀಕ್ಷೆಯಲ್ಲಿ ಅಂಕ ಬರಬಹುದು. ಆದರೆ ಏನೂ ತಿಳಿದಂತಾಗುವುದಿಲ್ಲ. ಪ್ರತಿ ಕಾರಣವನ್ನೂ ಒಂದು ಜೋಡಿ ಜಿಲ್ಲೆ ಇಟ್ಟು ಪರೀಕ್ಷೆ ಮಾಡಿ.

ಮೊದಲು ಮಳೆ. ಮಳೆ ಜಾಸ್ತಿ ಬಿದ್ದ ಕಡೆ ಜನ ಜಾಸ್ತಿ ಎನ್ನುವುದು ನಿಜವಾಗಿದ್ದರೆ ಕೊಡಗು, ಉತ್ತರ ಕನ್ನಡ ತುಂಬಿ ತುಳುಕಬೇಕಿತ್ತು. ಕೊಡಗಿನ ಸಾಂದ್ರತೆ 135, ಉತ್ತರ ಕನ್ನಡದ್ದು 140. ವರ್ಷವಿಡೀ ಹರಿಯುವ ನದಿಯೇ ಇಲ್ಲದ, ಕೆರೆ ತುಂಬಿತಾ ಎಂದು ಆಕಾಶ ನೋಡುವ ಕೋಲಾರದ್ದು 386. ಮಳೆ ಬಿದ್ದರೆ ಸಾಲದು. ಬಿದ್ದ ನೀರು ಉಳಬಹುದಾದ ಸಮನೆಲದ ಮೇಲೆ ನಿಲ್ಲಬೇಕು. ಬಯಲುಸೀಮೆಯ ಹಿಂದಿನವರು ಸಾಲು ಸಾಲು ಕೆರೆ ಕಟ್ಟಿ ಆ ಕೆಲಸ ಮಾಡಿದರು. ಪಾಲಾರ್, ಪಿನಾಕಿನಿ, ಪಾಪಾಗ್ನಿ ಎಲ್ಲ ನಮ್ಮಲ್ಲೇ ಹುಟ್ಟಿದರೂ ಇಲ್ಲಿ ಹರಿಯುವುದು ಮಳೆ ಬಂದಾಗ ಮಾತ್ರ. ಜನ ನೆಲೆ ನಿಂತಿದ್ದು ಕೆರೆ ನಂಬಿ.

ಇನ್ನೊಂದು ಜೋಡಿ ಕೇರಳದಿಂದ. ಇಡುಕ್ಕಿಯ ಸಾಂದ್ರತೆ ಸುಮಾರು 255, ಹೆಚ್ಚುಕಡಿಮೆ ನಮ್ಮ ತುಮಕೂರಿನಷ್ಟೇ. ಒಂದು ಕಡೆ ಏಲಕ್ಕಿ ಬೆಳೆಯುವ ಮಳೆಯ ಬೆಟ್ಟ, ಇನ್ನೊಂದು ಕಡೆ ಶಿರಾ, ಪಾವಗಡದ ಕಡಲೆಕಾಯಿ ಹೊಲ. ಅಂಕಿ ಒಂದೇ, ಕಾರಣ ಬೇರೆ ಬೇರೆ. ಅದೇ ಕೇರಳದ ಆಲಪ್ಪುಳದಲ್ಲಿ, ಕಡಲಂಚಿನ ಸಮತಟ್ಟಿನಲ್ಲಿ, ಸುಮಾರು 1,500. ಹಾಗಾಗಿ ಸಾಂದ್ರತೆ ನೋಡಿ ಕಾರಣ ಊಹಿಸಬೇಡಿ. ನೆಲ ನೋಡಿ.

ಈಗ ದೊಡ್ಡ ಪ್ರಶ್ನೆ, ಗಂಗಾ ಬಯಲು. ದಟ್ಟಣೆ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ನಗರ, ಫ್ಲೈಓವರ್, ಟ್ರಾಫಿಕ್. ಬಿಹಾರದ ಲೆಕ್ಕ ಆ ಚಿತ್ರವನ್ನು ಅಳಿಸಿಹಾಕುತ್ತದೆ. ಅಲ್ಲಿ ನಗರವಾಸಿಗಳು ಶೇ 11.3 ಮಾತ್ರ. ಕರ್ನಾಟಕದಲ್ಲಿ ಶೇ 38.7. ಆದರೂ ಬಿಹಾರದ ಸಾಂದ್ರತೆ ನಮ್ಮ ಮೂರು ಪಟ್ಟಿಗಿಂತ ಜಾಸ್ತಿ. ಅಂದರೆ ಅದು ಹಳ್ಳಿಗಳ ದಟ್ಟಣೆ. ಹಿಮಾಲಯದ ನದಿಗಳು ಸಾವಿರಾರು ವರ್ಷ ತಂದು ಹಾಸಿದ ಮೆಕ್ಕಲು ಮಣ್ಣು, ಬೆಟ್ಟಗುಡ್ಡ ಇಲ್ಲದ ನೆಲ, ಬೇಸಿಗೆಯಲ್ಲೂ ಹಿಮ ಕರಗಿ ಹರಿಯುವ ನೀರು, ಕೈಪಂಪಿಗೆ ಸಿಗುವಷ್ಟು ಮೇಲೆ ಇರುವ ಅಂತರ್ಜಲ. ನಮ್ಮಲ್ಲಿ ಸಾವಿರ ಅಡಿ ಕೊರೆಸಿ, ಸಾಲ ಮಾಡಿ, ಕೊನೆಗೆ ಧೂಳು ಬಂದರೆ ಹಣೆಬರಹ ಅನ್ನುತ್ತೇವೆ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡರೆ ಚಂಡೀಗಡದಿಂದ ಕೋಲ್ಕತ್ತದವರೆಗೆ ಹಬ್ಬಿದ ಗಾಢ ಪಟ್ಟಿ ಯಾಕೆ ಇದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನೀರನ್ನು ತಂದರೂ ಜನ ಬರುತ್ತಾರೆ. ರಾಜಸ್ಥಾನದ ಜೈಸಲ್ಮೇರ್ ಸಾಂದ್ರತೆ 17. ಅದೇ ಥಾರ್ ಅಂಚಿನ ಶ್ರೀಗಂಗಾನಗರ 179. ಅಲ್ಲಿಗೆ 1927ರಲ್ಲಿ ಸಟ್ಲೆಜ್ ನದಿಯಿಂದ ಗಂಗ್ ಕಾಲುವೆ ಬಂತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಆ ನೀರಿನ ಗುಣಮಟ್ಟದ ಬಗ್ಗೆ ನಮ್ಮಲ್ಲಿ ಇನ್ನೂ ಜಗಳ ಇದೆ, ಅದು ಬೇರೆ ವಿಷಯ. ಕೆರೆ ಕೆಳಗಿನ ಹಳ್ಳಿಗಳ ಜನಸಂಖ್ಯೆ ಇದರಿಂದ ಬದಲಾಯಿತಾ ಎಂದು ನೋಡಲು ಹೊಸ ಗಣತಿ ಬರಬೇಕು.

ನೆಲದ ಅಡಿಯ ವಸ್ತುವೂ ಊರು ಕಟ್ಟುತ್ತದೆ. ಜಾರ್ಖಂಡದ ಧನಬಾದ್ ಕಲ್ಲಿದ್ದಲಿನ ಮೇಲೆ ಕೂತ ಜಿಲ್ಲೆ, ಸಾಂದ್ರತೆ 1,316. ನಮ್ಮ ಮಾದರಿ ಕೆಜಿಎಫ್. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿತು. 1902ಕ್ಕೆ ಶಿವನಸಮುದ್ರದಿಂದ ವಿದ್ಯುತ್ ಬಂತು. ತಮಿಳು, ತೆಲುಗು ಸೀಮೆಗಳಿಂದ ಕಾರ್ಮಿಕರು ಬಂದರು. ಮಳೆ, ಮಣ್ಣು ಎರಡೂ ಅಷ್ಟಕ್ಕಷ್ಟೇ ಇರುವ ಜಾಗದಲ್ಲಿ ಒಂದು ಪಟ್ಟಣ ಎದ್ದಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ವಿಚಿತ್ರ ನೋಡಿ, 2001ರ ಗಣತಿಯ ಆಧಾರ ಕ್ಷಣ ಮಾರ್ಚ್ 1ರ ಮೊದಲ ಗಳಿಗೆ. ಅಂದರೆ ಆ ಗಣತಿಯಲ್ಲಿರುವುದು ಗಣಿ ಮುಚ್ಚಿದ ರಾತ್ರಿಯ ಕೆಜಿಎಫ್. ಚಿನ್ನ ನಿಂತ ಮೇಲೂ ಪಟ್ಟಣ ಖಾಲಿಯಾಗಲಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲಿತ್ತು. ಜನ ಬೆಳಗ್ಗೆ ಹತ್ತಿ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರತೊಡಗಿದರು. ಹುಟ್ಟಿಸಿದ ಕಾರಣ ಹೋದರೂ ಊರು ಬೇರೊಂದು ಕಾರಣ ಹಿಡಿದು ನಿಲ್ಲುತ್ತದೆ. ದೇಶದ ನಕ್ಷೆಯಲ್ಲಿ ಕಾರಣವೇ ಗೊತ್ತಾಗದ ದಟ್ಟ ಚುಕ್ಕೆ ಸಿಕ್ಕರೆ ಹೀಗೆ ಹಳೆಯ ಕಾರಣ ಹುಡುಕಿ.

ಇಷ್ಟಾದ ಮೇಲೆ ಬೆಳವಣಿಗೆ ದರವನ್ನೂ ಪಕ್ಕದಲ್ಲಿ ಬರೆಯಿರಿ. 2001ರಿಂದ 2011ಕ್ಕೆ ಬಿಹಾರ ಶೇ 25.4 ಬೆಳೆಯಿತು, ಕೇರಳ ಶೇ 4.9. ತುಮಕೂರು? 25,84,711ರಿಂದ 26,78,980ಕ್ಕೆ, ಶೇ 3.65. ಕೇರಳಕ್ಕಿಂತಲೂ ಕಡಿಮೆ! ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47 ಬೆಳೆಯಿತು. ತುಮಕೂರಿನಲ್ಲಿ ಮನೆಗೆ ಮಕ್ಕಳು ಕಡಿಮೆಯಾದದ್ದೂ ಉಂಟು, ಓದಿದ ಮಕ್ಕಳು ಬೆಂಗಳೂರು ಸೇರಿದ್ದೂ ಉಂಟು.

ಆರನೇ ಹೆಜ್ಜೆ: ಚುಕ್ಕೆ ಇಡಿ

ಒಂದು ಚುಕ್ಕೆಗೆ ಹತ್ತು ಲಕ್ಷ ಜನ ಎಂದು ಇಟ್ಟುಕೊಂಡರೆ ಭಾರತಕ್ಕೆ 1,211 ಚುಕ್ಕೆ. ಒಂದು ಮಧ್ಯಾಹ್ನದ ಕೆಲಸ. ಉತ್ತರ ಪ್ರದೇಶಕ್ಕೆ 200, ಬಿಹಾರಕ್ಕೆ 104, ರಾಜಸ್ಥಾನಕ್ಕೆ 69, ಕರ್ನಾಟಕಕ್ಕೆ 61, ಅರುಣಾಚಲಕ್ಕೆ ಒಂದೇ ಒಂದು.

ಚುಕ್ಕೆಯನ್ನು ರಾಜ್ಯದ ತುಂಬ ಸಮವಾಗಿ ಚೆಲ್ಲಬೇಡಿ. ಬೆಟ್ಟ, ನದಿ ಇರುವ ಭೌತಿಕ ನಕ್ಷೆ ಪಕ್ಕದಲ್ಲಿರಲಿ. ಅಸ್ಸಾಮಿನ ಚುಕ್ಕೆಗಳು ಬ್ರಹ್ಮಪುತ್ರ ಕಣಿವೆಗೆ. ರಾಜಸ್ಥಾನದವು ಹೆಚ್ಚಿನಂಶ ಅರಾವಳಿಯ ಪೂರ್ವಕ್ಕೆ. ಹಿಮಾಚಲದವು ಕೆಳಗಿನ ಕಣಿವೆಗಳಿಗೆ, ಏಕೆಂದರೆ 13 ಸಾವಿರ ಚದರ ಕಿ.ಮೀ. ಮೀರಿದ ಲಾಹೌಲ್ ಸ್ಪಿತಿಯಲ್ಲಿ ಇರುವವರು 31,564 ಜನ. ಒಡಿಶಾ, ಆಂಧ್ರದಲ್ಲಿ ಮಹಾನದಿ, ಗೋದಾವರಿ, ಕೃಷ್ಣಾ ನದಿಗಳ ಮುಖಜ ಭೂಮಿಗೆ. ಕಛ್ ರಣ್ ಬಿಳಿಯಾಗೇ ಇರಲಿ.

ಕರ್ನಾಟಕಕ್ಕೆ ಬೇರೆ ನಕ್ಷೆ ಮಾಡಿ, ಚುಕ್ಕೆಗೆ ಐದು ಲಕ್ಷ. ಒಟ್ಟು 122. ತುಮಕೂರಿಗೆ 5, ಕೋಲಾರಕ್ಕೆ 3, ಚಿಕ್ಕಬಳ್ಳಾಪುರಕ್ಕೆ 3. ನಡುವೆ ಅಂಗೈಯಷ್ಟು ಜಾಗದ ಬೆಂಗಳೂರು ನಗರಕ್ಕೆ 19. ಇಡಲು ಜಾಗವೇ ಸಾಲುವುದಿಲ್ಲ, ಚುಕ್ಕೆಗಳು ಒಂದರ ಮೇಲೊಂದು ಬೀಳುತ್ತವೆ. ಬೀಳಲಿ ಬಿಡಿ, ಅದೇ ಸತ್ಯ. ತುಮಕೂರಿನ ಐದರಲ್ಲಿ ಒಂದನ್ನು ತುಮಕೂರು ತಾಲ್ಲೂಕಿಗೆ ಇಟ್ಟು, ಉಳಿದವನ್ನು ಕುಣಿಗಲ್, ತಿಪಟೂರು, ಮಧುಗಿರಿ, ಶಿರಾ ಕಡೆಗೆ ಹಂಚಿ. ದೇವರಾಯನದುರ್ಗದ ಕಾಡಿನ ಮೇಲೆ ಬೇಡ. ಪಾವಗಡ ಆಂಧ್ರದೊಳಗೆ ಚಾಚಿಕೊಂಡ ತೆಳು ತಾಲ್ಲೂಕು. ಅಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದದ್ದಕ್ಕೆ ಬಿಸಿಲು ಎಷ್ಟು ಕಾರಣವೋ ಒಣ ಬೇಸಾಯದ ವಿರಳ ಹಳ್ಳಿಗಳೂ ಅಷ್ಟೇ ಕಾರಣ. ಗಂಗಾ ಬಯಲಿನಲ್ಲಿ ಅಷ್ಟು ದೊಡ್ಡ ತುಂಡು ನೆಲ ಒಟ್ಟಿಗೆ ಗುತ್ತಿಗೆಗೆ ಸಿಗುವುದು ಕಷ್ಟ.

ಏಳನೇ ಹೆಜ್ಜೆ: ಬಣ್ಣ ಹಾಕುವಾಗ ಎಚ್ಚರ

ಬಣ್ಣದ ನಕ್ಷೆಯಲ್ಲಿ ಜಿಲ್ಲೆಗಳನ್ನು ನಾಲ್ಕೈದು ಗುಂಪು ಮಾಡಿ ತೆಳುವಿನಿಂದ ಗಾಢಕ್ಕೆ ಬಣ್ಣ ತುಂಬುತ್ತೇವೆ. ಗುಂಪಿನ ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ಕಥೆಯೇ ಬದಲಾಗುತ್ತದೆ. 250ರಿಂದ 500 ಒಂದು ಗುಂಪು ಮಾಡಿದರೆ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರಕ್ಕೂ ಒಂದೇ ಬಣ್ಣ. ಗೆರೆಯನ್ನು 260ಕ್ಕೆ ಸರಿಸಿ, ತುಮಕೂರು ತೆಳು ಗುಂಪಿಗೆ ಜಾರಿತು. ಸರಾಸರಿ 382ಕ್ಕೆ ಸರಿಸಿ, ಕೋಲಾರ ಒಂದೇ ಗಾಢವಾಯಿತು. ಒಬ್ಬ ಮನುಷ್ಯನೂ ಮನೆ ಬದಲಿಸಿಲ್ಲ.

ಕ್ಯೂಜಿಐಎಸ್ ‘ಸಮಾನ ಅಂತರ’ ಎಂಬ ಆಯ್ಕೆ ಕೊಡುತ್ತದೆ. ಜನಸಾಂದ್ರತೆಗೆ ಅದನ್ನು ಮುಟ್ಟಲೇಬೇಡಿ. ಈಶಾನ್ಯ ದೆಹಲಿಯ 36 ಸಾವಿರವನ್ನು ಐದು ಭಾಗ ಮಾಡಿದರೆ ಮೊದಲ ಗುಂಪೇ 7,200ರವರೆಗೆ ಹೋಗುತ್ತದೆ. ಬೆಂಗಳೂರು ನಗರವೂ ಜೈಸಲ್ಮೇರೂ ಒಂದೇ ಬಣ್ಣ! ನನ್ನ ಸಲಹೆ: 100ಕ್ಕಿಂತ ಕಡಿಮೆ, 100–250, 250–500, 500–1,000, ಅದಕ್ಕೂ ಮೇಲೆ. ಇನ್ನೊಂದು, ಬಣ್ಣದ ನಕ್ಷೆಗೆ ಸಾಂದ್ರತೆಯನ್ನೇ ಬಳಸಿ, ಒಟ್ಟು ಜನಸಂಖ್ಯೆ ಬೇಡ. ಒಟ್ಟು ಸಂಖ್ಯೆ ಬಳಸಿದರೆ ದೊಡ್ಡ ಜಿಲ್ಲೆ ಸುಮ್ಮನೆ ದೊಡ್ಡದಾಗಿರುವ ಕಾರಣಕ್ಕೇ ಗಾಢವಾಗುತ್ತದೆ. ತುಮಕೂರು ಕೋಲಾರಕ್ಕಿಂತ ದಟ್ಟ ಎಂದು ಕಾಣುತ್ತದೆ.

ಎಂಟನೇ ಹೆಜ್ಜೆ: ಜನರ ಕಡೆಯಿಂದ ಸರಾಸರಿ ತೆಗೆಯಿರಿ

ಇದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ, ನನಗೆ ಮಾತ್ರ ಬಹಳ ಇಷ್ಟ. ತುಮಕೂರು ಮತ್ತು ಬೆಂಗಳೂರು ನಗರ ಎರಡನ್ನೂ ಒಂದು ಪ್ರದೇಶ ಅಂದುಕೊಳ್ಳಿ. ಜನ ಕೂಡಿಸಿ, ನೆಲ ಕೂಡಿಸಿ, ಭಾಗಿಸಿದರೆ 962. ಆ 962 ತುಮಕೂರಿನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಅದು ನೆಲದ ಕಡೆಯಿಂದ ತೆಗೆದ ಸರಾಸರಿ.

ಈಗ ಹೀಗೆ ಮಾಡಿ. ಪ್ರತಿ ಜಿಲ್ಲೆಯ ಸಾಂದ್ರತೆಯನ್ನು ಅದರ ಜನಸಂಖ್ಯೆಯಿಂದ ಗುಣಿಸಿ. ಎರಡನ್ನೂ ಕೂಡಿಸಿ. ಒಟ್ಟು ಜನಸಂಖ್ಯೆಯಿಂದ ಭಾಗಿಸಿ. ಸುಮಾರು 3,480 ಬರುತ್ತದೆ. ಈ ಎರಡು ಜಿಲ್ಲೆಗಳಲ್ಲಿ ಯಾರನ್ನೋ ಒಬ್ಬರನ್ನು ಕಣ್ಣು ಮುಚ್ಚಿ ಆರಿಸಿದರೆ ಅವರ ಸುತ್ತಲಿನ ದಟ್ಟಣೆ ಸರಾಸರಿ ಇಷ್ಟಿರುತ್ತದೆ. ಅದೇ ಲೆಕ್ಕವನ್ನು 640 ಜಿಲ್ಲೆಗಳಿಗೂ ಎಕ್ಸೆಲ್‌ನಲ್ಲಿ ಮಾಡಿ. ಉತ್ತರ 382ಕ್ಕಿಂತ ತುಂಬ ಮೇಲೆ ಬರುತ್ತದೆ, ಏಕೆಂದರೆ ಖಾಲಿ ನೆಲವನ್ನು ಖಾಲಿ ಎಂದು ಅನುಭವಿಸಲು ಅಲ್ಲಿ ಜನವೇ ಇಲ್ಲ. ದೇಶದ ಸರಾಸರಿಯಲ್ಲಿರುವ ಕೋಲಾರದವರಿಗೆ ಬೇರೆಲ್ಲಿ ಹೋದರೂ ‘ಇಷ್ಟೊಂದು ಜನ!’ ಅನ್ನಿಸುವುದಕ್ಕೆ ಇದೇ ಕಾರಣ. ನಾವು ಹೋಗುವುದು ಜನ ಇರುವ ಕಡೆಗೇ ತಾನೆ.

ಒಂಬತ್ತನೇ ಹೆಜ್ಜೆ: ನಕ್ಷೆಯ ಅಡಿಯಲ್ಲಿ ಟಿಪ್ಪಣಿ ಬರೆಯಿರಿ

ಗಣತಿ ಎಣಿಸುವುದು ವಾಸದ ಜಾಗದಲ್ಲಿ. 2011ರ ಫೆಬ್ರುವರಿ 9ರಿಂದ 28ರವರೆಗೆ ಮನೆಮನೆಗೆ ಹೋದರು, 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಿದರು. ಹಾಗಾಗಿ ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಯಶವಂತಪುರಕ್ಕೆ ಹೋಗುವವರು, ಮಾಲೂರು, ಬಂಗಾರಪೇಟೆಯಿಂದ ಹತ್ತುವವರು ಎಲ್ಲರೂ ಊರಿನ ಲೆಕ್ಕದಲ್ಲೇ ಇದ್ದಾರೆ. ‘ಇದು ರಾತ್ರಿಯ ಜನಸಂಖ್ಯೆ’ ಎಂದು ನಕ್ಷೆಯ ಕೆಳಗೆ ಬರೆಯಿರಿ.

ನಗರ ಯಾವುದು, ಹಳ್ಳಿ ಯಾವುದು ಎಂದೂ ಬರೆಯಿರಿ. ಪುರಸಭೆ, ನಗರಸಭೆ ಇರುವ ಕಡೆ ನಗರ. ಅದಿಲ್ಲದಿದ್ದರೂ ಕನಿಷ್ಠ 5,000 ಜನ, ಚದರ ಕಿ.ಮೀ.ಗೆ 400 ಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ 75 ಜನ ಬೇಸಾಯದ ಹೊರಗೆ ಇದ್ದರೆ ಅದನ್ನು ಗಣತಿ ಪಟ್ಟಣ ಎನ್ನುತ್ತಾರೆ. ಹೆಂಗಸರ ದುಡಿಮೆ ಈ ಲೆಕ್ಕಕ್ಕಿಲ್ಲ. ರೇಷ್ಮೆ ಬಿಚ್ಚುವ ಶಿಡ್ಲಘಟ್ಟದ ಸುತ್ತಲಿನ ಹೆಂಗಸರನ್ನು ಕಂಡವರಿಗೆ ಇದು ಸರಿ ಅನ್ನಿಸುವುದು ಕಷ್ಟ.

ಹಳೆಯ ಅಂಕಿಯನ್ನು ತುಂಬಿಸಲು ಕೆಲವರು ಉಪಗ್ರಹದ ರಾತ್ರಿ ದೀಪಗಳ ಚಿತ್ರ ಬಳಸುತ್ತಾರೆ. ನೋಡಲು ಚೆಂದ, ಆದರೆ ಅದು ತೋರಿಸುವುದು ದೀಪವನ್ನು, ಜನರನ್ನಲ್ಲ. ನರಸಾಪುರದ ಕಾರ್ಖಾನೆ ಅಂಗಳ ಸುತ್ತಲಿನ ಹತ್ತು ಹಳ್ಳಿಗಿಂತ ಹೊಳೆಯುತ್ತದೆ. ನೆಲವನ್ನು ಸಣ್ಣ ಚೌಕಗಳಾಗಿ ಹಂಚಿ ಒಂದೊಂದರಲ್ಲಿ ಎಷ್ಟು ಜನ ಎಂದು ಹೇಳುವ ವರ್ಲ್ಡ್‌ಪಾಪ್‌ನಂಥ ಅಂದಾಜುಗಳು ಸ್ವಲ್ಪ ವಾಸಿ, ಆದರೆ ಅವುಗಳ ಬುಡವೂ ಇದೇ ಗಣತಿ.

ಕೊನೆಗೆ, ನಿಮ್ಮ ಎಕ್ಸೆಲ್ ಹಾಳೆಯಲ್ಲಿ 2027ಕ್ಕೆ ಈಗಲೇ ಖಾಲಿ ಕಾಲಂ ಬಿಡಿ. ಹೊಸ ತಾಲ್ಲೂಕುಗಳಿಗೆ ಸಾಲನ್ನೂ ಬಿಡಿ. 2011ರ ಪಟ್ಟಿಯಲ್ಲಿ ಕೆಜಿಎಫ್, ಚೇಳೂರು, ಮಂಚೇನಹಳ್ಳಿ ತಾಲ್ಲೂಕುಗಳು ಇಲ್ಲ. ಕೆಜಿಎಫ್ ಆಗ ಬಂಗಾರಪೇಟೆಯಲ್ಲಿತ್ತು, ಚೇಳೂರು ಬಾಗೇಪಲ್ಲಿಯಲ್ಲಿ, ಮಂಚೇನಹಳ್ಳಿ ಗೌರಿಬಿದನೂರಿನಲ್ಲಿ. ಹೊಸ ಅಂಕಿ ಬಂದ ದಿನ ಇವನ್ನು ಹಳೆಯ ತಾಲ್ಲೂಕಿಗೆ ಕೂಡಿಸಿ ಹೋಲಿಸಿ, ಇಲ್ಲದಿದ್ದರೆ ಬಂಗಾರಪೇಟೆಯಲ್ಲಿ ಮತ್ತೆ ಜನ ಮಾಯವಾಗುತ್ತಾರೆ.